ಚಂದ್ರಗಿರಿ ಅಳಿವೆಗೊಂದು ವಿಮಾನ: ‘ಮಿಂಚುಳ್ಳಿ’ ಕಟ್ಟಿದ ಬಗೆ

ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಬಡಗಿಗೆ ಮಂಗಳೂರಿನ ಬಜಪೆ, ತೆಂಕಿಗೆ ಕಣ್ಣೂರಿನ ಮಟ್ಟನ್ನೂರು. ಆದರೆ ನೀರಿಗೆ ಬರವಿಲ್ಲ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಹೊಳೆಗಳು ಸಾಲಾಗಿ ಪಡುವಣ ಕಡಲಿಗೆ ಇಳಿಯುತ್ತವೆ. ಇನ್ನೂ ತೆಂಕಿಗೆ ಹೋದರೆ ವಲಿಯಪರಂಬದ ಉದ್ದದ ಹಿನ್ನೀರು ಉಂಟು. ಈ ನೀರಿನಲ್ಲಿ ಇಳಿದು, ಬೇಕಾದಾಗ ಬಜಪೆಯ ರನ್‌ವೇಯಲ್ಲೂ ಇಳಿಯಬಲ್ಲ ಎರಡು ಸೀಟಿನ ವಿಮಾನ ಹೇಗಿರಬೇಕು? ಈ ಪ್ರಶ್ನೆಯಿಂದ ‘ಮಿಂಚುಳ್ಳಿ’ ಹುಟ್ಟಿತು. ಅದು ಹಾರುವುದು ಫ್ಲೈಟ್‌ಗಿಯರ್ ಎಂಬ ಕಂಪ್ಯೂಟರ್ ಸಿಮ್ಯುಲೇಟರಿನೊಳಗೆ ಮಾತ್ರ. ಆದರೂ ಅದರ ಪ್ರತಿಯೊಂದು ಅಂಕಿಗೂ ಕಾರಣ ಇರಬೇಕು ಎಂದು ಮೊದಲೇ ಹಟ ಹಿಡಿದಿದ್ದೆ.

ಸ್ವಂತ ಕಲ್ಪನೆಯ ವಿಮಾನ ಮಾಡಹೊರಟವರು ಹೆಚ್ಚಾಗಿ ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರದ ತಂತ್ರಾಂಶ ತೆರೆದು ಆಕಾರದಿಂದ ಶುರುಮಾಡುತ್ತಾರೆ. ಚೂಪು ಮೂತಿ, ಬಾಗಿದ ರೆಕ್ಕೆ, ಕಪ್ಪು ಗಾಜು. ನೋಡಲು ಚಂದವೇ. ಆದರೆ ಆ ವಿಮಾನ ಎಲ್ಲಿಗೆ, ಎಷ್ಟು ಭಾರ ಹೊತ್ತು, ಎಷ್ಟು ಜಾಗದಲ್ಲಿ ಏಳಬೇಕು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಊರು ಮತ್ತು ಕೆಲಸ ನಿಗದಿಯಾದ ಮೇಲೆಯೇ ಗೆರೆ ಎಳೆಯಬೇಕು. ಅಳಿವೆಯ ಅಗಲ, ದೋಣಿಗಳ ಓಡಾಟ, ಉಪ್ಪುಗಾಳಿ, ಆಟಿ ತಿಂಗಳ ಮಳೆ ಇವೆಲ್ಲ ಸೇರಿ ಅರ್ಧ ವಿನ್ಯಾಸವನ್ನು ತಾವೇ ಮಾಡಿಕೊಡುತ್ತವೆ.

ಮೊದಲು ಕಾಗದದ ಕೆಲಸ. ಎಂಜಿನ್ ಆಗಿ ರೋಟಾಕ್ಸ್ 912 ಯುಎಲ್‌ಎಸ್ ಆರಿಸಿದೆ. 1352 ಸಿಸಿ, 5800 ಸುತ್ತಿನಲ್ಲಿ 100 ಅಶ್ವಶಕ್ತಿ, 2.43ಕ್ಕೆ 1ರ ಗೇರ್‌ಬಾಕ್ಸ್. ಅಂದರೆ ಪ್ರೊಪೆಲ್ಲರಿಗೆ ತಲುಪುವುದು ನಿಮಿಷಕ್ಕೆ ಸುಮಾರು 2390 ಸುತ್ತು. ಇದೇ ಮನೆತನದ 912 ಎಂಜಿನಿನಲ್ಲಿ ಅಮೆರಿಕದ ಐಕಾನ್ ಎ5 ನೀರಿನಿಂದ ಏಳುತ್ತದೆ, ಅದರ ಗರಿಷ್ಠ ತೂಕ 686 ಕೆಜಿ. ಹಾಗಾಗಿ ನಾನು 650 ಕೆಜಿಗೆ ಗೆರೆ ಹಾಕಿಕೊಂಡೆ. ಖಾಲಿ ವಿಮಾನ 430, ಇಬ್ಬರು ಜನ 160, ಪೆಟ್ರೋಲು 50, ಉಳಿದದ್ದು ಚೀಲಕ್ಕೆ.

ರೆಕ್ಕೆಯ ವಿಸ್ತೀರ್ಣ 13 ಚದರ ಮೀಟರ್, ತುದಿಯಿಂದ ತುದಿಗೆ 10.5 ಮೀಟರ್. ರೆಕ್ಕೆಯ ಹಿಂದಂಚಿನ ಫ್ಲಾಪ್ ಇಳಿಸಿದಾಗ ಲಿಫ್ಟ್ (ಎತ್ತುವ ಬಲದ) ಗುಣಾಂಕ 1.8 ಸಿಗುತ್ತದೆ ಎಂದು ಹಿಡಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುವ ವೇಗ ಲೆಕ್ಕದಲ್ಲಿ 41 ನಾಟ್ (ಗಂಟೆಗೆ ಸುಮಾರು 76 ಕಿಲೋಮೀಟರ್) ಬರುತ್ತದೆ. ಅದರ 1.3 ಪಟ್ಟು, ಅಂದರೆ 53 ನಾಟ್, ಇಳಿಯಲು ಬರುವ ವೇಗ. ಹೊಳೆಯಲ್ಲಿ ಇಳಿಯುವ ವಿಮಾನಕ್ಕೆ ಇದಕ್ಕಿಂತ ಹೆಚ್ಚು ವೇಗ ನನಗೆ ಬೇಡವಾಗಿತ್ತು. ನೀರಿಗೆ ತಾಗುವಾಗಿನ ಪೆಟ್ಟು ವೇಗದ ವರ್ಗದಂತೆ ಏರುತ್ತದೆ.

ಫ್ಲೈಟ್‌ಗಿಯರಿನಲ್ಲಿ ಹಾರಾಟದ ಲೆಕ್ಕ ಮಾಡಲು ಜೆಎಸ್‌ಬಿಸಿಮ್, ಯಾಸಿಮ್ ಎಂದು ಮುಖ್ಯವಾಗಿ ಎರಡು ದಾರಿ. ಜೆಎಸ್‌ಬಿಸಿಮ್‌ಗೆ ಗುಣಾಂಕಗಳ ಕೋಷ್ಟಕ ಬೇಕು. ಗಾಳಿ ಸುರಂಗದ ಅಂಕಿಗಳೋ ಹಾರಿಸಿ ನೋಡಿದ ಅಂಕಿಗಳೋ ಇದ್ದವರಿಗೆ ಅದು ಸರಿ. ಎಲ್ಲೂ ಇಲ್ಲದ ವಿಮಾನಕ್ಕೆ ಅಂಥ ಕೋಷ್ಟಕ ಎಲ್ಲಿಂದ ತರುವುದು? ಆಂಡಿ ರಾಸ್ ಬರೆದ ಯಾಸಿಮ್ ಕೇಳುವುದು ಜ್ಯಾಮಿತಿಯನ್ನು: ರೆಕ್ಕೆ ಎಲ್ಲಿದೆ, ಎಷ್ಟು ಉದ್ದ, ಬಾಲ ಎಲ್ಲಿದೆ, ಎಂಜಿನ್ ಎಷ್ಟು ಎತ್ತರದಲ್ಲಿದೆ, ಇಳಿಯುವ ವೇಗ ಎಷ್ಟು, ಓಟದ (ಮೇಲೆ ಸಮನಾಗಿ ಹಾರುವಾಗಿನ) ವೇಗ ಎಷ್ಟು. ಅಷ್ಟು ಕೊಟ್ಟರೆ ಉಳಿದದ್ದನ್ನು ತಾನೇ ಬಿಡಿಸಿಕೊಳ್ಳುತ್ತದೆ. ಹೊಸ ವಿಮಾನ ಕಟ್ಟುವವರಿಗೆ ಇದೇ ಒಳ್ಳೆಯದು ಎಂಬುದು ನನ್ನ ಅನುಭವ.

ಆದರೆ ಯಾಸಿಮ್‌ನಲ್ಲಿ ಒಂದು ಅಪಾಯ ಉಂಟು, ಅದನ್ನು ಬಿಡಿಸಿಯೇ ಹೇಳಬೇಕು. ಅದು ಕೇಳಿದ್ದನ್ನು ಕೊಡುತ್ತದೆ. 100 ಅಶ್ವಶಕ್ತಿಯ ಈ ವಿಮಾನಕ್ಕೆ ಓಟದ ವೇಗ 130 ನಾಟ್ ಎಂದು ಬರೆದರೂ ಅದು ಮರುಮಾತಾಡದೆ ಗಾಳಿಯ ಎಳೆತವನ್ನು ಕಡಿಮೆ ಮಾಡಿ, 130 ನಾಟ್‌ನಲ್ಲೇ ಹಾರಿಸಿ ತೋರಿಸುತ್ತದೆ. ನಿಜ ಗೊತ್ತಾಗಬೇಕಾದರೆ ಕೈಲೆಕ್ಕ ಮಾಡಬೇಕು. ಮುಕ್ಕಾಲು ಶಕ್ತಿ ಎಂದರೆ 56 ಕಿಲೋವ್ಯಾಟ್. ಪ್ರೊಪೆಲ್ಲರಿನ ದಕ್ಷತೆ 0.78 ಎಂದುಕೊಂಡರೆ ಕೆಲಸಕ್ಕೆ ಬರುವುದು ಸುಮಾರು 43.7 ಕಿಲೋವ್ಯಾಟ್. 130 ನಾಟ್‌ನಲ್ಲಿ ಇದರಿಂದ ಸಿಗುವ ತಳ್ಳುಬಲ 650 ನ್ಯೂಟನ್ ಮಾತ್ರ. ಅಷ್ಟಕ್ಕೆ ಸರಿಹೊಂದಬೇಕಾದರೆ ಲಿಫ್ಟ್ ಇಲ್ಲದಾಗಿನ ಡ್ರ್ಯಾಗ್ (ಗಾಳಿಯ ಎಳೆತದ) ಗುಣಾಂಕ 0.017ಕ್ಕೆ ಇಳಿಯಬೇಕು. ಅಷ್ಟು ನುಣುಪು ಇರುವುದು ಒಳ್ಳೆಯ ಗ್ಲೈಡರುಗಳಲ್ಲಿ ಅಥವಾ ತುಂಬಾ ಶುಚಿಯಾಗಿ ಕಟ್ಟಿದ ನೆಲದ ವಿಮಾನಗಳಲ್ಲಿ. ಮೆಟ್ಟಿಲು ಕೊರೆದ ದೋಣಿತಳ, ಬೆನ್ನ ಮೇಲೆ ಎಂಜಿನ್, ಪಕ್ಕಕ್ಕೆ ತೇಲುತೊಟ್ಟಿ ಹೊತ್ತ ವಿಮಾನಕ್ಕೆ ಅದು ಸಾಧ್ಯವೇ ಇಲ್ಲ. 90 ನಾಟ್ ಎಂದು ಬರೆದರೆ ತಳ್ಳುಬಲ 940 ನ್ಯೂಟನ್, ಗುಣಾಂಕ 0.05ರ ಹತ್ತಿರ. ಇದು ನಂಬುವ ಮಾತು. ಹಾಗಾಗಿ ಮಿಂಚುಳ್ಳಿಯ ಓಟದ ವೇಗ 90 ನಾಟ್. ಬಜಪೆಯಿಂದ ಚಂದ್ರಗಿರಿ ಅಳಿವೆಗೆ ಆಕಾಶಮಾರ್ಗದಲ್ಲಿ ಸುಮಾರು 54 ಕಿಲೋಮೀಟರ್. ಇಪ್ಪತ್ತು ನಿಮಿಷದ ದಾರಿ. ಹೆದ್ದಾರಿಯ ಅವಸ್ಥೆ ನೋಡಿದವರಿಗೆ ಇಷ್ಟು ಸಾಕು.

ನೀರಿನ ವಿಮಾನದ ಎಂಜಿನ್ ಎಲ್ಲಿ ಕೂರಬೇಕೆಂಬುದು ಈ ಇಡೀ ಕೆಲಸದ ಅತ್ಯಂತ ಗಟ್ಟಿ ಪ್ರಶ್ನೆ. ಸಿಡಿಯುವ ನೀರು ಪ್ರೊಪೆಲ್ಲರಿಗೆ ತಾಗಬಾರದು. ತಾಗಿದರೆ ಅಲಗಿನ ಅಂಚು ತಿಂದುಹೋಗುತ್ತದೆ. ಅದಕ್ಕೇ ಇಂಥ ವಿಮಾನಗಳಲ್ಲಿ ಎಂಜಿನನ್ನು ಎತ್ತರದ ಕಂಬದ ಮೇಲೆ ಇಡುವ ರೂಢಿ. ಮೊದಲ ನಕ್ಷೆಯಲ್ಲಿ ನಾನೂ ಹಾಗೆಯೇ ಇಟ್ಟು ನೋಡಿದೆ: ಪ್ರೊಪೆಲ್ಲರ್ ವ್ಯಾಸ 1.72 ಮೀಟರ್, ಅದರ ನಡುಗೆರೆ ಭಾರಕೇಂದ್ರಕ್ಕಿಂತ 0.9 ಮೀಟರ್ ಮೇಲೆ. ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟರೆ ತಳ್ಳುಬಲ ಅಂದಾಜು 2100 ನ್ಯೂಟನ್. ಅಷ್ಟು ಎತ್ತರದಿಂದ ಅದು ಮುಂದಕ್ಕೆ ತಳ್ಳುವಾಗ ಮೂತಿಯನ್ನು ಕೆಳಗೆ ಒತ್ತುವ ತಿರುಚುಬಲ ಸುಮಾರು 1900 ನ್ಯೂಟನ್ ಮೀಟರ್. ಬಾಲ ಭಾರಕೇಂದ್ರದಿಂದ 4.2 ಮೀಟರ್ ಹಿಂದಿದೆ. ಇದನ್ನು ಅದು ಒಂದೇ ತಡೆಯಬೇಕಾದರೆ 450 ನ್ಯೂಟನ್ ಕೆಳಒತ್ತಡ ಕೊಡಬೇಕು. 20 ನಾಟ್ ವೇಗದಲ್ಲಿ 2 ಚದರ ಮೀಟರಿನ ಬಾಲ ಎಷ್ಟು ಕಷ್ಟಪಟ್ಟರೂ ಕೊಡುವುದು 100 ನ್ಯೂಟನ್ ಚಿಲ್ಲರೆ. ಸಿಮ್ಯುಲೇಟರಿನಲ್ಲಿ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು: ಥ್ರಾಟಲ್ ಮುಂದೆ ತಳ್ಳಿದೊಡನೆ ಸ್ಟಿಕ್ ಪೂರ್ತಿ ಹಿಂದೆ ಇದ್ದರೂ ಮೂತಿ ನೀರಿಗೆ ಇಳಿಯುತ್ತದೆ. ಥ್ರಾಟಲ್ ತೆಗೆದರೆ ಮೇಲೇಳುತ್ತದೆ. ನಿಜವಾದ ವಿಮಾನಗಳಲ್ಲೂ ಇದೇ ಗುಣ ಇರುವುದರಿಂದ, ನೆಲದ ವಿಮಾನದಿಂದ ಬಂದ ಪೈಲಟ್‌ಗಳಿಗೆ ಇದನ್ನು ಬೇರೆಯಾಗಿ ಕಲಿಸುತ್ತಾರೆ.

ಪೂರ್ತಿ ತಪ್ಪಿಸಲು ಆಗುವುದಿಲ್ಲ, ತಗ್ಗಿಸಬಹುದು. ಮೂರು ಅಲಗಿನ 1.5 ಮೀಟರ್ ಪ್ರೊಪೆಲ್ಲರ್ ಹಾಕಿ ನಡುಗೆರೆಯನ್ನು 0.65 ಮೀಟರಿಗೆ ಇಳಿಸಿದೆ. ಅಲಗಿನ ಕೆಳತುದಿ ತಳದಿಂದ 70 ಸೆಂಟಿಮೀಟರ್ ಮೇಲೆ ಬರುತ್ತದೆ, ಅಲ್ಲಿ ಹಿಂದಿನ ಒಡಲಿನ ದಪ್ಪ 55. ಹದಿನೈದು ಸೆಂಟಿಮೀಟರ್ ಅಂತರ. ಇದಕ್ಕಾಗಿ ಒಡಲನ್ನು ಕ್ಯಾಬಿನ್ನಿನ ಹಿಂದೆ ಒಮ್ಮೆಲೇ ತೆಳ್ಳಗೆ ಮಾಡಬೇಕಾಯಿತು. ಮಿಂಚುಳ್ಳಿಯ ಈಗಿನ ರೂಪ ಬಂದದ್ದು ಅಲ್ಲಿಂದಲೇ. ಚಿಕ್ಕ ಪ್ರೊಪೆಲ್ಲರಿನಿಂದ ತಳ್ಳುಬಲ 1900 ನ್ಯೂಟನ್ನಿನ ಆಸುಪಾಸಿಗೆ ಇಳಿಯಿತು. ಆದರೆ ತಿರುಚುಬಲ 1235ಕ್ಕೆ ಬಂತು. ಇದು ಒಳ್ಳೆಯ ವ್ಯಾಪಾರ. ಉಳಿದ ಒತ್ತಡವನ್ನು ತಳದ ಮುಂಭಾಗ ಹೊರಬೇಕು. ಭಾರಕೇಂದ್ರಕ್ಕಿಂತ ಎರಡು ಮೀಟರ್ ಮುಂದೆ ನೀರು ಎತ್ತಿಹಿಡಿಯಬೇಕಾದದ್ದು ಸುಮಾರು 63 ಕೆಜಿ. ಅಷ್ಟು ತೇಲುವ ಶಕ್ತಿ ಮೂತಿಯಲ್ಲಿ ಇರುವಂತೆ ಅದನ್ನು ಅಗಲಿಸಿದೆ.

ತಳದ ಪಾಠ ಹೇಳಿದವರು ಕೊಯಿಪಾಡಿಯ ಒಬ್ಬ ದೋಣಿಯವರು. ಫೈಬರ್ ದೋಣಿಗೆ ಔಟ್‌ಬೋರ್ಡ್ ಕಟ್ಟಿಕೊಂಡು ಕಡಲಿಗೆ ಹೋಗುವವರು. ನನ್ನ ಕಾಗದ ನೋಡಿ ಅವರು ಹೇಳಿದ್ದು ಇಷ್ಟು: “ಮಾಷ್ಟ್ರೆ, ನಿಧಾನ ಹೋಗುವಾಗ ದೋಣಿ ನೀರಿನ ಒಳಗೆ ಹೋಗುದು. ಜೋರು ಬಿಟ್ಟರೆ ನೀರಿನ ಮೇಲೆ ಹೋಗುದು. ನಡುವೆ ಒಂದು ಹತ್ತ ಉಂಟಲ್ಲ, ಅಲ್ಲಿ ಎಂಜಿನ್ ಕೂಗುದು ಜಾಸ್ತಿ, ದೋಣಿ ಹೋಗುದು ಕಮ್ಮಿ. ನಿಮ್ಮ ವಿಮಾನ ಆ ಹತ್ತ ಹತ್ತಬೇಕು, ಮತ್ತೆ ಎಲ್ಲ ಸುಲಭ.”

“ಹತ್ತದೆ ಹೋದರೆ ಎಂತ ಆಗುದು ಅಣ್ಣ?”

“ಎಂತ ಆಗುದು? ಹೊಳೆ ಮುಗಿಯುವವರೆಗೆ ನೀರು ಒಕ್ಕುದು, ಅಷ್ಟೆ.”

ಅವರ ‘ಹತ್ತ’ವನ್ನು ವಿಮಾನದವರು ಹಂಪ್ ಎನ್ನುತ್ತಾರೆ. ನೀರಿನ ಎಳೆತ ಅಲ್ಲಿ ಗರಿಷ್ಠ, ಮೂತಿ ಮೇಲಕ್ಕೆ, ಬಾಲ ಕೆಳಕ್ಕೆ. ಅದನ್ನು ದಾಟಿದ ಮೇಲೆ ತಳ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ, ಎಳೆತ ಇಳಿಯುತ್ತದೆ. ಹಿಂದಿನ ತಳ ನೀರಿನಿಂದ ಬಿಡಿಸಿಕೊಳ್ಳಲಿ ಎಂದೇ ತಳಕ್ಕೆ ಅಡ್ಡಲಾಗಿ ಒಂದು ಮೆಟ್ಟಿಲು ಕೊರೆಯುವುದು. ಮಿಂಚುಳ್ಳಿಯ ತಳದ ಅಗಲ 1.1 ಮೀಟರ್, ಮೆಟ್ಟಿಲಿನ ಆಳ 7 ಸೆಂಟಿಮೀಟರ್, ಅದರ ಜಾಗ ಭಾರಕೇಂದ್ರಕ್ಕಿಂತ 15 ಸೆಂಟಿಮೀಟರ್ ಹಿಂದೆ. ಭಾರಕೇಂದ್ರ ತಳದಿಂದ 80 ಸೆಂಟಿಮೀಟರ್ ಎತ್ತರದಲ್ಲಿದೆ, ಹಾಗಾಗಿ ಅಲ್ಲಿಂದ ಮೆಟ್ಟಿಲಿಗೆ ಎಳೆದ ಗೆರೆ ಲಂಬಕ್ಕೆ ಸುಮಾರು 10 ಡಿಗ್ರಿ ಓರೆ. ಮೆಟ್ಟಿಲು ಇದಕ್ಕಿಂತ ತೀರ ಹಿಂದೆ ಇದ್ದರೆ ಏಳುವಾಗ ಮೂತಿ ಎತ್ತಲು ಆಗದು, ತೀರ ಮುಂದೆ ಇದ್ದರೆ ಬಾಲದ ಮೇಲೆ ಕೂತುಬಿಡುತ್ತದೆ.

ಯಾಸಿಮ್‌ನಲ್ಲಿ ದೋಣಿತಳ ಎಂಬ ಭಾಗವಿಲ್ಲ. ಚಕ್ರಗಳನ್ನು ಬರೆಯುವ ‘ಗೇರ್’ ಸಾಲುಗಳನ್ನೇ ನೀರಿಗೂ ಬಳಸಬೇಕು. ತಳದಲ್ಲಿ ನೀರು ತಾಗುವ ಜಾಗಗಳನ್ನು ಚುಕ್ಕೆಗಳಾಗಿ ಗುರುತಿಸಿದೆ: ಮೂತಿಯ ಅಡಿಯಲ್ಲಿ ಒಂದು, ಮೆಟ್ಟಿಲಿನ ಎರಡು ಬದಿಗೆ ಒಂದೊಂದು, ಹಿಂದಿನ ತುದಿಯಲ್ಲಿ ಒಂದು, ಎರಡು ತೇಲುತೊಟ್ಟಿಗಳಿಗೆ ಒಂದೊಂದು. ಪ್ರತಿ ಚುಕ್ಕೆಗೂ ‘ಆನ್-ವಾಟರ್’ 1, ‘ಆನ್-ಸಾಲಿಡ್’ 0. ಚಕ್ರಗಳಿಗೆ ಇದರ ತಿರುಗುಮುರುಗು. ‘ಇಗ್ನೋರ್ಡ್-ಬೈ-ಸಾಲ್ವರ್’ ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಚುಕ್ಕೆಗಳೂ ತೂಕ ಹಂಚುವ ಲೆಕ್ಕದೊಳಗೆ ನುಗ್ಗುತ್ತವೆ. ‘ಸ್ಪೀಡ್-ಪ್ಲೇನಿಂಗ್’, ‘ಸ್ಪ್ರಿಂಗ್-ಫ್ಯಾಕ್ಟರ್-ನಾಟ್-ಪ್ಲೇನಿಂಗ್’ ಎಂಬ ಜೋಡಿಯೇ ದೋಣಿಯವರ ‘ಹತ್ತ’. ನಿಂತಾಗ ಸ್ಪ್ರಿಂಗಿನ ಬಲ ಕಡಿಮೆ, ವಿಮಾನ ಆಳಕ್ಕೆ ಕೂರುತ್ತದೆ. ವೇಗ ಏರಿದಂತೆ ಬಲ ಪೂರ್ತಿಯಾಗಿ ತಳ ಮೇಲೆ ಬರುತ್ತದೆ. ‘ರಿಡ್ಯೂಸ್-ಫ್ರಿಕ್ಷನ್-ಬೈ-ಎಕ್ಸ್‌ಟೆನ್ಷನ್’ ಬರೆದರೆ ಚುಕ್ಕೆ ನೀರಿನಿಂದ ಮೇಲೆದ್ದಂತೆ ಎಳೆತವೂ ಸಡಿಲುತ್ತದೆ. ಈ ಮೂರನ್ನು ಹೊಂದಿಸಿ 18 ನಾಟ್ ಸುತ್ತಮುತ್ತ ಹಂಪ್ ಬರುವಂತೆ ಮಾಡಿದೆ.

ಅಕ್ಷಗಳ ದಿಕ್ಕು, ಮಾನಗಳು ಕೂಡ ಹೊಸಬರನ್ನು ಕಾಡುತ್ತವೆ. ಎಕ್ಸ್ ಮುಂದಕ್ಕೆ, ವೈ ಎಡಕ್ಕೆ, ಝಡ್ ಮೇಲಕ್ಕೆ. ಉದ್ದ ಮೀಟರಿನಲ್ಲಿ, ತೂಕ ಪೌಂಡಿನಲ್ಲಿ, ವೇಗ ನಾಟ್‌ನಲ್ಲಿ. ಹಾಗಾಗಿ ನಮ್ಮ 430 ಕೆಜಿಯನ್ನು 948 ಎಂದು ಬರೆಯಬೇಕು. ರೆಕ್ಕೆಯ ಸ್ಥಾನ ಕೊಡುವುದು ಬುಡದ ಮುಂದಿನ ಅಂಚಿನಿಂದಲ್ಲ, ಅಲ್ಲಿನ ಅಗಲದ ನಟ್ಟನಡುವಿನಿಂದ. ಈ ಒಂದು ಸಂಗತಿ ಗೊತ್ತಿಲ್ಲದೆ ವಿಮಾನ ಬಾಲಭಾರವಾಯಿತೆಂದು ತಲೆ ಕೆಡಿಸಿಕೊಂಡವರು ಬಹಳ ಮಂದಿ.

ಫೈಲು ಬರೆದಾದ ಮೇಲೆ ಸಿಮ್ಯುಲೇಟರ್ ತೆರೆಯಬೇಕಾಗಿಲ್ಲ. ಟರ್ಮಿನಲ್ಲಿನಲ್ಲಿ ‘ಯಾಸಿಮ್’ ಎಂದು ಬರೆದು ಫೈಲಿನ ಹೆಸರು ಕೊಟ್ಟರೆ ಅದು ಲೆಕ್ಕ ಬಿಡಿಸಿ ಕೆಲವು ಸಾಲು ಉದುರಿಸುತ್ತದೆ: ಡ್ರ್ಯಾಗ್ ಗುಣಾಂಕ, ಲಿಫ್ಟ್ ಅನುಪಾತ, ಓಟದಲ್ಲಿ ರೆಕ್ಕೆಯ ಕೋನ, ಬಾಲದ ಓರೆ, ಇಳಿಯುವಾಗ ಎಲಿವೇಟರ್ (ಮೂತಿ ಎತ್ತಿ ಇಳಿಸುವ ಬಾಲದ ಪಟ್ಟಿ) ಎಷ್ಟು ಬೇಕು, ಭಾರಕೇಂದ್ರ ಎಲ್ಲಿದೆ. ನಾನು ಮೊದಲು ನೋಡುವುದು ಎಲಿವೇಟರನ್ನು. ಸ್ಟಿಕ್ ಪೂರ್ತಿ ಎಳೆದರೆ ಅದರ ಬೆಲೆ ಮೈನಸ್ 1. ಇಳಿಯುವಾಗಲೇ ಅದರ ಹತ್ತಿರಕ್ಕೆ ಹೋಗಿದ್ದರೆ ನೀರಿಗೆ ತಾಗುವ ಮುಂಚೆ ಮೂತಿ ಎತ್ತಲು ಏನೂ ಉಳಿದಿಲ್ಲ ಎಂದರ್ಥ. ಎರಡನೆಯದು ಬಾಲದ ಓರೆ. ಎಂಜಿನ್ ಎತ್ತರದಲ್ಲಿದ್ದಾಗ ಈ ಅಂಕಿ ದೊಡ್ಡದಾಗುತ್ತದೆ, ಇಳಿಸಿದಾಗ ಚಿಕ್ಕದಾಗುತ್ತದೆ. ಹಾಗಾಗಿ ಕಾಗದದ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವ ಸಾಕ್ಷಿಯೂ ಅದೇ.

ಭಾರಕೇಂದ್ರದ್ದು ಬೇರೆಯೇ ತಾಪತ್ರಯ. ಎಂಜಿನ್ ಹಿಂದೆ, ಜನ ಮುಂದೆ. ಇಬ್ಬರು ಕೂತರೆ ತಕ್ಕಡಿ ಸಮ. 60 ಕೆಜಿಯ ಒಬ್ಬರೇ ಕೂತು ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಭಾರ ಹಿಂದಕ್ಕೆ ಜಾರಿ ವಿಮಾನ ಅಂಕೆ ತಪ್ಪುವ ಅಂಚಿಗೆ ಹೋಗುತ್ತದೆ. ಸಿಮ್ಯುಲೇಟರಿನಲ್ಲಿ ಇಬ್ಬರನ್ನು ಕೂರಿಸಿಯೇ ಪರೀಕ್ಷಿಸಿದರೆ ಇದು ಕಾಣುವುದೇ ಇಲ್ಲ. 8 ಕೆಜಿಯ ಬ್ಯಾಟರಿಯನ್ನು ಎಂಜಿನಿನ ಬಳಿಯಿಂದ ಎರಡೂವರೆ ಮೀಟರ್ ಮುಂದೆ, ಮೂತಿಯೊಳಗೆ ಇಟ್ಟೆ. ಒಬ್ಬರೇ ಇರುವಾಗಿನ 540 ಕೆಜಿಗೆ ಭಾರಕೇಂದ್ರ 3.7 ಸೆಂಟಿಮೀಟರ್ ಮುಂದೆ ಬಂತು, ಅಂದರೆ ರೆಕ್ಕೆಯ ಸರಾಸರಿ ಅಗಲದ ಶೇಕಡಾ 3. ಯಾಸಿಮ್‌ನಲ್ಲಿ ಇದನ್ನು ‘ಬ್ಯಾಲಸ್ಟ್’ ಎಂದು ಬರೆಯುವುದು. ಒಟ್ಟು ತೂಕ ಬದಲಾಗದು, ಹಂಚಿಕೆ ಮಾತ್ರ ಬದಲಾಗುತ್ತದೆ.

ಆಕಾರ ಕೊಟ್ಟವನು ನನ್ನ ಅಳಿಯ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಸ್ವತಂತ್ರ ತಂತ್ರಾಂಶ. ಹಾಗಾಗಿ ಚಿತ್ರ ತಿದ್ದುವ ಜಿಂಪ್ ಅವನಿಗೆ ಹೈಸ್ಕೂಲಿನಲ್ಲೇ ಕೈಗೆ ಬಂದಿತ್ತು, ಬ್ಲೆಂಡರನ್ನು ಶಾಲೆಯ ಐಟಿ ಕೂಟ ಲಿಟಲ್ ಕೈಟ್ಸ್ ಸೇರಿ ಕಲಿತ. ನನ್ನ ಅಂಕಿಗಳನ್ನು ನೋಡಿ, “ಮಾವ, ಇದು ಚಂದ ಕಾಣುವುದಿಲ್ಲ, ಹೊಟ್ಟೆ ದೊಡ್ಡದಾಯಿತು” ಎಂದ. ಮೂತಿಯ ಅಡಿಯಲ್ಲಿ 63 ಕೆಜಿಯ ಲೆಕ್ಕ ತೋರಿಸಿದೆ. ಅಗಲವನ್ನು ಹಾಗೆಯೇ ಉಳಿಸಿ, ಬದಿಯಲ್ಲಿ ಒಂದು ಚೂಪು ಅಂಚು ತಂದು, ನೀರು ಹೊರಕ್ಕೆ ಸಿಡಿಯುವಂತೆ ಅದನ್ನು ಕೆಳಗೆ ಬಗ್ಗಿಸಿದ. ಹೊಟ್ಟೆ ಕಣ್ಣಿಗೆ ಕರಗಿತು, ಸಿಡಿನೀರಿನ ತಡೆಯೂ ಆಯಿತು. ಮಾದರಿಯನ್ನು ಎಸಿ ಫೈಲಾಗಿ ಉಳಿಸಿ, ಪ್ರೊಪೆಲ್ಲರ್, ಏಲರಾನ್, ಚಕ್ರಗಳ ಚಲನೆಯನ್ನು ಎಕ್ಸ್‌ಎಮ್‌ಎಲ್‌ನಲ್ಲಿ ಬರೆದ. ಬಣ್ಣ ನೀಲಿ, ಎದೆ ಕಂದು, ಕತ್ತು ಬಿಳಿ.

ರೆಕ್ಕೆಯ ತುದಿಗೆ ತೇಲುತೊಟ್ಟಿ ಬೇಡ, ಒಡಲಿಗೆ ಅಂಟಿದಂತೆ ಇರಲಿ ಎಂದು ಹಟ ಮಾಡಿದವರು ಮತ್ತೆ ಆ ದೋಣಿಯವರೇ. ರೆಕ್ಕೆಯ ತುದಿಯಲ್ಲಿ ತೊಟ್ಟಿ ತೂಗಿದರೆ ಬಲೆಗೆ ಸಿಕ್ಕೀತು, ದೋಣಿ ಪಕ್ಕಕ್ಕೆ ತರಲು ಆಗದು ಎಂಬುದು ಅವರ ವಾದ. 1920ರ ದಶಕದ ಡಾರ್ನಿಯರ್ ವಾಲ್ ವಿಮಾನಗಳಲ್ಲಿ ಇದ್ದದ್ದೂ ಇಂಥದ್ದೇ ಮೊಂಡು ರೆಕ್ಕೆ. ಅದರ ಮೇಲೆ ಕಾಲಿಟ್ಟು ದೋಣಿಯಿಂದ ಸೀಟಿಗೆ ಹತ್ತಬಹುದು, ಚಕ್ರಗಳೂ ಅದರೊಳಗೆ ಮಡಚಿಕೊಳ್ಳುತ್ತವೆ. 2013ರಲ್ಲಿ ಅಷ್ಟಮುಡಿ ಕಾಯಲಿನಲ್ಲಿ ಕೇರಳದ ಸೀಪ್ಲೇನ್ ಯೋಜನೆ ನಿಂತದ್ದು ಮೀನುಗಾರರ ವಿರೋಧದಿಂದ. 2024ರ ನವೆಂಬರಿನಲ್ಲಿ ಕೊಚ್ಚಿಯಿಂದ ಮಾಟುಪೆಟ್ಟಿಗೆ ಟ್ವಿನ್ ಆಟರ್ ಸೀಪ್ಲೇನ್ ಪ್ರಾಯೋಗಿಕವಾಗಿ ಹಾರಿದಾಗಲೂ ಅದೇ ಪ್ರಶ್ನೆ ಎದ್ದಿತು. ನೀರಿನ ವಿಮಾನವನ್ನು ಕಲ್ಪಿಸುವವರು, ಕಂಪ್ಯೂಟರಿನೊಳಗೇ ಆದರೂ, ಆ ನೀರಿನಲ್ಲಿ ಮೊದಲಿಂದ ದುಡಿಯುವವರ ಮಾತು ಕೇಳಬೇಕು ಎಂದು ನಾನು ನಂಬುತ್ತೇನೆ. ಕೇಳಿದ್ದರಿಂದ ವಿನ್ಯಾಸ ಉತ್ತಮವೇ ಆಯಿತು.

ಮೊದಲ ಹಾರಾಟ ಚಕ್ರದ ಮೇಲೆ, ಬಜಪೆಯ 2450 ಮೀಟರಿನ ರನ್‌ವೇಯಲ್ಲಿ. ಅಲ್ಲಿ ವಿಶೇಷ ಹೇಳುವಂಥದ್ದೇನಿಲ್ಲ. ಎದ್ದಿತು, ತಿರುಗಿತು, ಇಳಿಯಿತು. ನೀರಿನಲ್ಲಿ ಮಾತ್ರ ಒಂದು ರೋಗ ಕಂಡಿತು. 35 ನಾಟ್ ದಾಟಿದ ಮೇಲೆ, ಚಪ್ಪಟೆ ಕಲ್ಲನ್ನು ಕೆರೆಗೆ ಎಸೆದ ಹಾಗೆ, ಮೂತಿ ಮೇಲೆ ಕೆಳಗೆ ಕುಪ್ಪಳಿಸತೊಡಗಿತು. ಪ್ರತಿ ಕುಪ್ಪಳಿಕೆಯೂ ಹಿಂದಿನದಕ್ಕಿಂತ ದೊಡ್ಡದು. ಇದಕ್ಕೆ ಪೋರ್ಪಾಯಿಸಿಂಗ್ ಎನ್ನುತ್ತಾರೆ, ನಿಜವಾದ ನೀರಿನ ವಿಮಾನಗಳನ್ನು ಮುರಿದು ಹಾಕಿದ ರೋಗ. ಕಣ್ಣಿನಿಂದ ಕಾರಣ ಗೊತ್ತಾಗದು. ಫ್ಲೈಟ್‌ಗಿಯರಿನ ಲಾಗಿಂಗ್ ತೆರೆದು ಪ್ರತಿ ಚುಕ್ಕೆಯ ‘ಕಂಪ್ರೆಷನ್-ನಾರ್ಮ್’ (ಅದು ಎಷ್ಟು ಒತ್ತಿಕೊಂಡಿದೆ ಎಂಬ ಅಂಕಿ), ಮೂತಿಯ ಕೋನ, ವೇಗ ಇವನ್ನು ಸಿಎಸ್‌ವಿ ಫೈಲಿಗೆ ಇಳಿಸಿ ಲಿಬ್ರೆಆಫೀಸಿನಲ್ಲಿ ಗೆರೆ ಎಳೆಸಿದೆ. ಮೆಟ್ಟಿಲಿನ ಚುಕ್ಕೆ ಮೇಲೇಳುವ ಹೊತ್ತಿಗೆ ಸರಿಯಾಗಿ ಹಿಂದಿನ ತುದಿಯ ಚುಕ್ಕೆ ನೀರಿಗೆ ಬಡಿಯುತ್ತಿತ್ತು, ಅದು ಮೂತಿಯನ್ನು ಕೆಳಗೆ ತಳ್ಳುತ್ತಿತ್ತು, ಮತ್ತೆ ಮೆಟ್ಟಿಲು ವಿಮಾನವನ್ನು ಎತ್ತುತ್ತಿತ್ತು. ಎರಡೂ ಒಂದಕ್ಕೊಂದು ಚೆಂಡು ಎಸೆಯುತ್ತಿದ್ದವು. ಹಿಂದಿನ ತಳದ ಓರೆಯನ್ನು 8 ಡಿಗ್ರಿಗೆ ಏರಿಸಿ ತುದಿಯನ್ನು ನೀರಿನಿಂದ ದೂರ ಮಾಡಿದೆ, ಮೆಟ್ಟಿಲಿನ ಚುಕ್ಕೆಗಳ ‘ಡ್ಯಾಂಪ್’ (ಕುಪ್ಪಳಿಕೆ ತಗ್ಗಿಸುವ ಬಲ) ಹೆಚ್ಚಿಸಿದೆ. ಮೂತಿಯನ್ನು ಸ್ವಲ್ಪವೇ ಎತ್ತಿ ಹಿಡಿದರೆ ಈಗ ಓಟ ನೇರ. ಸ್ಟಿಕ್ ಬಿಟ್ಟುಬಿಟ್ಟರೆ ಮತ್ತೆ ಕುಪ್ಪಳಿಸುತ್ತದೆ. ಅದನ್ನು ಉದ್ದೇಶಪೂರ್ವಕ ಉಳಿಸಿದ್ದೇನೆ. ನಿಜದಲ್ಲೂ ಮೂತಿಯ ಕೋನಕ್ಕೆ ಒಂದು ಮೇಲಿನ ಮಿತಿ, ಒಂದು ಕೆಳಗಿನ ಮಿತಿ ಉಂಟು. ಪೈಲಟ್ ಅದರ ನಡುವೆ ಹಿಡಿಯಲು ಕಲಿಯಬೇಕು.

ಪರೀಕ್ಷೆಗೆ ಕೂರುವವರಿಗೆ ಒಂದು ಮಾತು. ದೃಶ್ಯದಲ್ಲಿ ಹೊಳೆ ನೀಲಿಯಾಗಿ ಕಂಡರೆ ಸಾಲದು. ಫ್ಲೈಟ್‌ಗಿಯರ್ ಆ ನೆಲವನ್ನು ‘ಸಾಲಿಡ್’ ಅಲ್ಲ ಎಂದು ಗುರುತಿಸಿರಬೇಕು. ಬರೀ ಉಪಗ್ರಹ ಚಿತ್ರ ಹೊದಿಸಿದ ಕಡೆ ಹೊಳೆ ನೋಟಕ್ಕೆ ನೀರು, ಲೆಕ್ಕಕ್ಕೆ ನೆಲ. ನೀರಿನ ಚುಕ್ಕೆಗಳು ಅಲ್ಲಿ ಕೆಲಸ ಮಾಡವು. ಅಲೆಗಳೂ ಹಾಗೆಯೇ: ಕಡಲಿನಲ್ಲಿ ಅಲೆ ಏಳುವುದು ಕಾಣುತ್ತದೆ, ಯಾಸಿಮ್‌ನ ತಳಕ್ಕೆ ಅದು ತಾಗುವುದಿಲ್ಲ. ಆದ್ದರಿಂದ ಮಿಂಚುಳ್ಳಿಯ ನೀರಿನ ಅಂಕಿಗಳನ್ನು ಒಳನೀರಿಗೆ ಮಾತ್ರ ಹೇಳುತ್ತೇನೆ. ಅಳಿವೆಯ ಬಾಯಿ ದಾಟಿದ ಮೇಲೆ ಅವಕ್ಕೆ ಆಧಾರವಿಲ್ಲ.

ಈಗ ಕೈಯಲ್ಲಿರುವುದು ನೀರಿನ ಚುಕ್ಕಾಣಿ. ಗಾಳಿಯ ರಡ್ಡರ್ 10 ನಾಟ್‌ಗಿಂತ ಕೆಳಗೆ ಏನೂ ಮಾಡದು, ಅಡ್ಡಗಾಳಿಗೆ ವಿಮಾನ ಗಾಳಿಮುಖವಾಗಿ ತಿರುಗಿ ನಿಲ್ಲುತ್ತದೆ. ಹಿಂದಿನ ತುದಿಯ ಚುಕ್ಕೆಗೆ ಸ್ಟಿಯರಿಂಗ್ ಕಟ್ಟಿ, ಏಳುವ ಮೊದಲು ಅದನ್ನು ಮೇಲೆತ್ತುವ ಒಂದು ಲಿವರ್ ಕಾಕ್‌ಪಿಟ್ಟಿನಲ್ಲಿ ಇಡಬೇಕು. ಅಳಿಯ ಲಿವರಿನ ಮಾದರಿ ಮಾಡುತ್ತಿದ್ದಾನೆ. ಅದು ಇಳಿದೇ ಇದ್ದರೆ 30 ನಾಟ್‌ನಲ್ಲಿ ವಿಮಾನ ಹೇಗೆ ಎಳೆಯಬೇಕು ಎಂಬ ಲೆಕ್ಕ ನನ್ನ ಪಾಲಿಗೆ ಬಂದಿದೆ.